ಕನ್ನಡಕವೂ ಬೇಕು, ಬಯಲೂ ಬೇಕು

ಈಚೆಗೆ ನಾವು ಪತ್ರಿಕೆಯ ಕೆಲಸದ ಮೇಲೆ ನಾಪೋಕ್ಲಿಗೆ ಹೋಗಿದ್ದೆವು. ಮಡಿಕೇರಿಯ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಪೇಟೆಯ ಒಂದು ಜವಳಿ ಅಂಗಡಿಯ ಜಗಲಿಯಲ್ಲಿ ಕುಳಿತೆವು. ಅಕ್ಕಿ ಗಿರಣಿಯಲ್ಲಿ ದುಡಿಯುವ ಗೆಳೆಯರೊಬ್ಬರು ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ಅಲ್ಲಿಗೆ ಬಂದರು. ಹುಡುಗನ ಕನ್ನಡಕದ ಒಂದು ಕಡ್ಡಿ ಮುರಿದು, ಅದಕ್ಕೆ ದಾರ ಸುತ್ತಿತ್ತು. "ಏನಣ್ಣಾ, ಹೋದ ವರ್ಷ ತಾನೇ ಹೊಸದು ಮಾಡಿಸಿದಿರಲ್ಲ?" ಎಂದು ಅಂಗಡಿಯವರು ಕೇಳಿದರು. "ಮಾಡಿಸಿದ್ದೆ. ಈಗ ಮತ್ತೆ ನಂಬರು ಏರಿದೆಯಂತೆ. ಎರಡು ವರ್ಷದಲ್ಲಿ ಇದು ಮೂರನೆಯದು. ಇನ್ನು ಮಾಡಿಸುವುದಿಲ್ಲ ಎಂದು ತೀರ್ಮಾನ ಮಾಡಿದ್ದೇನೆ. ಕನ್ನಡಕ ಹಾಕಿದ್ದರಿಂದಲೇ ಇವನ ಕಣ್ಣು ಕೆಟ್ಟಿತು. ನಮ್ಮ ಅಪ್ಪ ಎಪ್ಪತ್ತರವರೆಗೆ ಗದ್ದೆಯಲ್ಲಿ ದುಡಿದರು, ದೂರದ್ದು ಕಾಣುವುದಿಲ್ಲ ಎಂದು ಒಂದು ದಿನ ಹೇಳಿದವರಲ್ಲ" ಎಂದು ಅವರು ಉತ್ತರ ಕೊಟ್ಟರು. ಹುಡುಗ ಏನೂ ಮಾತಾಡದೆ ಬೀದಿಯ ಕಡೆಗೆ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದ.

ಆ ಹೊತ್ತಿಗೆ ನಾವು ಸರಿಯಾದ ಉತ್ತರ ಕೊಡಲಾರದೆ ಹೋದೆವು. ಬಸ್ಸು ಬಂತು, ಹತ್ತಿದೆವು. ಆದರೆ ಆ ತಂದೆಯ ಮಾತನ್ನು ಅಜ್ಞಾನವೆಂದು ತಳ್ಳಿಬಿಡುವುದು ನ್ಯಾಯವಲ್ಲ. ಅದರಲ್ಲಿ ಒಂದು ತಪ್ಪು ಇದೆ, ಒಂದು ಸತ್ಯವೂ ಇದೆ. ಕನ್ನಡಕದಿಂದ ಕಣ್ಣು ಕೆಟ್ಟಿತು ಎಂಬುದು ತಪ್ಪು. ಅಪ್ಪನಿಗೆ ಇಲ್ಲದ ದೋಷ ಮೊಮ್ಮಗನಿಗೆ ಬಂದಿದೆ, ಇದಕ್ಕೆ ಏನೋ ಕಾರಣವಿರಬೇಕು ಎಂಬುದು ಸತ್ಯ. ತಪ್ಪನ್ನು ತಿದ್ದದಿದ್ದರೆ ಹುಡುಗನ ಓದು ನಿಲ್ಲುತ್ತದೆ. ಸತ್ಯವನ್ನು ವಿಚಾರಿಸದಿದ್ದರೆ ಅವನ ತಮ್ಮ ತಂಗಿಯರಿಗೂ ಅದೇ ಗತಿ ಬರುತ್ತದೆ. ಆದುದರಿಂದ ಅಂದು ಜಗಲಿಯಲ್ಲಿ ಕೊಡಬೇಕಾಗಿದ್ದ ಉತ್ತರವನ್ನು ಇಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ದೋಷ ಯಾವುದೆಂದು ತಿಳಿಯೋಣ. ನಲವತ್ತು ದಾಟಿದವರಿಗೆ ಬರುವ ಚಾಳೀಸು ನಮಗೆಲ್ಲರಿಗೂ ಗೊತ್ತು. ಲೆಕ್ಕದ ಪುಸ್ತಕವನ್ನು ಕೈ ಚಾಚಿ ದೂರ ಹಿಡಿದು ಓದುವ ಅಂಗಡಿಯವರು, ಕಾಫಿ ಬೀಜ ಆರಿಸುವಾಗ ಕಪ್ಪು ಬೀಜ ಯಾವುದು ಒಳ್ಳೆಯದು ಯಾವುದು ಎಂದು ಗೊತ್ತಾಗದೆ ತಡವರಿಸುವ ಕ್ಯೂರಿಂಗ್ ಕೆಲಸದ ಅಕ್ಕಂದಿರು, ಇವರದು ಚಾಳೀಸು. ಅದು ವಯಸ್ಸಿನದು, ಹತ್ತಿರದ್ದು ಕಾಣದು, ದೂರದ್ದು ಕಾಣುತ್ತದೆ. ಮಕ್ಕಳ ದೋಷ ಇದಕ್ಕೆ ತದ್ವಿರುದ್ಧ. ಪುಸ್ತಕದ ಅಕ್ಷರ ಚೆನ್ನಾಗಿ ಕಾಣುತ್ತದೆ, ಕರಿಹಲಗೆಯ ಮೇಲಿನದು ಮಂಜು ಕವಿದಂತೆ ಕಾಣುತ್ತದೆ. ಇದನ್ನು ಸಮೀಪದೃಷ್ಟಿ ದೋಷ ಎನ್ನುತ್ತಾರೆ. ಅಪ್ಪನ ಚಾಳೀಸು ಕನ್ನಡಕವನ್ನು ಮಗನ ಮೂಗಿಗೇರಿಸಿ "ಇದರಲ್ಲಿ ಕಾಣುತ್ತದೋ ನೋಡು" ಎನ್ನುವವರನ್ನು ನಾವು ನೋಡಿದ್ದೇವೆ. ಅದು ಉಬ್ಬಿದ ಗಾಜು, ಮಗುವಿಗೆ ಬೇಕಾದುದು ತಗ್ಗಿದ ಗಾಜು. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಇದು ಹೇಗೆ ಬರುತ್ತದೆ? ಕಣ್ಣುಗುಡ್ಡೆಯೂ ಕೈಕಾಲಿನಂತೆ ಬೆಳೆಯುವ ವಸ್ತು. ಹುಟ್ಟಿದ ಶಿಶುವಿನ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು ೧೭ ಮಿಲಿಮೀಟರು ಇರುತ್ತದೆ, ಬೆಳೆದವರದು ಸುಮಾರು ೨೪ ಮಿಲಿಮೀಟರು. ಹೊರಗಿನ ಬಿಂಬ ಕಣ್ಣಿನ ಹಿಂಬದಿಯ ಪರದೆಯ ಮೇಲೆ ಸರಿಯಾಗಿ ಬಿದ್ದರೆ ನೋಟ ಸ್ಪಷ್ಟ. ಕಣ್ಣು ಅಳತೆ ಮೀರಿ ಉದ್ದವಾದರೆ ಪರದೆ ಹಿಂದಕ್ಕೆ ಸರಿಯುತ್ತದೆ, ದೂರದ ವಸ್ತುವಿನ ಬಿಂಬ ಅದಕ್ಕಿಂತ ಮುಂದೆಯೇ ಕೂಡಿಬಿಡುತ್ತದೆ. ತಗ್ಗು ಗಾಜು ಆ ಬಿಂಬವನ್ನು ಹಿಂದಕ್ಕೆ ತಳ್ಳಿ ಪರದೆಗೆ ತಲುಪಿಸುತ್ತದೆ ಎಂಬುದನ್ನು ಜರ್ಮನಿಯ ಖಗೋಳಶಾಸ್ತ್ರಜ್ಞ ಕೆಪ್ಲರನು ೧೬೦೪ರಲ್ಲಿಯೇ ವಿವರಿಸಿದ್ದನು. ಒಂದು ಮಿಲಿಮೀಟರು ಹೆಚ್ಚು ಉದ್ದವಾಯಿತೆಂದರೆ ಕನ್ನಡಕದ ನಂಬರು ಎರಡೂವರೆಯಿಂದ ಮೂರರಷ್ಟು ಏರುತ್ತದೆ. ಹೀಗೆ ಉದ್ದವಾದ ಕಣ್ಣು ಮತ್ತೆ ಗಿಡ್ಡವಾಗುವುದಿಲ್ಲ. ಆದುದರಿಂದಲೇ ಕಣ್ಣಿನ ವ್ಯಾಯಾಮ, ತೈಲ, ಚೂರ್ಣಗಳಿಂದ ಕನ್ನಡಕ ಬಿಡಿಸುತ್ತೇವೆಂದು ಹಣ ಕೀಳುವವರನ್ನು ನಂಬಬಾರದು. ಬಂದುದನ್ನು ಹಿಂದಕ್ಕೆ ಕಳುಹಿಸಲಾಗದು, ಏರುವುದನ್ನು ನಿಧಾನಗೊಳಿಸಬಹುದು. ಬಾರದ ಮಕ್ಕಳಿಗೆ ಬರುವುದನ್ನು ತಡೆಯಲೂಬಹುದು, ಕನಿಷ್ಠ ಪಕ್ಷ ಮುಂದಕ್ಕೆ ಹಾಕಬಹುದು.

ನಂಬರು ಎಂದರೇನೆಂದು ಬಹಳ ಮಂದಿಗೆ ಯಾರೂ ಹೇಳಿಲ್ಲ. ಚೀಟಿಯಲ್ಲಿ "ಮೈನಸ್ ಎರಡು" ಎಂದು ಬರೆದುಕೊಟ್ಟು ಮುಂದಿನವರನ್ನು ಕರೆಯುತ್ತಾರೆ. ಲೆಕ್ಕ ಬಹಳ ಸುಲಭ. ಮೈನಸ್ ಒಂದು ಎಂದರೆ ಕನ್ನಡಕವಿಲ್ಲದೆ ಒಂದು ಮೀಟರಿನವರೆಗೆ ಮಾತ್ರ ಸ್ಪಷ್ಟ. ಜವಳಿ ಅಂಗಡಿಯ ಗಜಕ್ಕಿಂತ ತುಸು ಹೆಚ್ಚು. ಮೈನಸ್ ಎರಡು ಎಂದರೆ ಅರ್ಧ ಮೀಟರು; ಒಂದು ಮೊಳವೆನ್ನಿ. ಮೈನಸ್ ನಾಲ್ಕು ಎಂದರೆ ಕಾಲು ಮೀಟರು. ಒಂದು ಗೇಣು ದಾಟಿತೋ ಇಲ್ಲವೋ ಮಬ್ಬು. ಇಂತಹ ಮಗುವನ್ನು ಕನ್ನಡಕವಿಲ್ಲದೆ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಿಸಿ, ಬರೆದದ್ದನ್ನು ನೋಡಿ ಬರೆಯೆಂದು ಹೇಳುವುದು ಎಂಥ ಅನ್ಯಾಯ! ಮಗು ಪಕ್ಕದವನ ಪುಸ್ತಕ ನೋಡಿ ಬರೆಯುತ್ತದೆ, ಕಳ್ಳನೆನಿಸಿಕೊಳ್ಳುತ್ತದೆ. ಬರೆಯದೆ ಕುಳಿತರೆ ದಡ್ಡನೆನಿಸಿಕೊಳ್ಳುತ್ತದೆ. ಎಷ್ಟು ಮಕ್ಕಳು ಹೀಗೆ ದಡ್ಡರೆನಿಸಿಕೊಂಡು ಶಾಲೆ ಬಿಟ್ಟು ತೋಟದ ಕೆಲಸಕ್ಕೆ, ಅಂಗಡಿಯ ಕೂಲಿಗೆ ಸೇರಿಕೊಂಡಿರಬಹುದು! ಅವರ ಬುದ್ಧಿಗೆ ಏನೂ ಆಗಿರಲಿಲ್ಲ. ಬೇಕಾಗಿದ್ದುದು ಎರಡು ತುಂಡು ಗಾಜು.

ಇನ್ನು ಗಿರಣಿಯ ಗೆಳೆಯರ ಆರೋಪಕ್ಕೆ ಬರೋಣ. ಕನ್ನಡಕ ಹಾಕಿದ ಮೇಲೆ ನಂಬರು ಏರಿತು, ಆದುದರಿಂದ ಕನ್ನಡಕವೇ ಏರಿಸಿತು ಎನ್ನುತ್ತಾರೆ. ಮಗನಿಗೆ ಚಪ್ಪಲಿ ಕೊಡಿಸಿದಿರಿ, ವರ್ಷದೊಳಗೆ ಕಾಲು ಬೆಳೆದು ಚಪ್ಪಲಿ ಗಿಡ್ಡವಾಯಿತು. ಚಪ್ಪಲಿ ಹಾಕಿದ್ದರಿಂದ ಕಾಲು ಬೆಳೆಯಿತು ಎಂದು ಯಾರಾದರೂ ಹೇಳುತ್ತಾರೆಯೆ? ಕಣ್ಣಿನದೂ ಅದೇ ಕತೆ. ಏಳೆಂಟರಿಂದ ಹದಿನೈದು ಹದಿನಾರರವರೆಗೆ ಮಗುವಿನ ಮೈ ಬೆಳೆಯುವಾಗ ದೋಷವಿರುವ ಕಣ್ಣೂ ಉದ್ದವಾಗುತ್ತ ಹೋಗುತ್ತದೆ, ವರ್ಷಕ್ಕೆ ಅರ್ಧದಿಂದ ಒಂದು ನಂಬರು ಏರುವುದು ಅಪರೂಪವಲ್ಲ. ಕೆಲವರು ಅರೆಮನಸ್ಸಿನಿಂದ "ಸ್ವಲ್ಪ ಕಡಿಮೆ ನಂಬರು ಕೊಡಿ, ಕಣ್ಣಿಗೆ ಅಭ್ಯಾಸವಾಗದಿರಲಿ" ಎಂದು ಕೇಳುತ್ತಾರೆ. ಮಲೇಷ್ಯಾದಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ೨೦೦೨ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ, ಬೇಕೆಂದೇ ಕಡಿಮೆ ನಂಬರು ಕೊಟ್ಟ ಮಕ್ಕಳ ದೋಷ ನಿಧಾನವಾಗಲಿಲ್ಲ. ಪೂರ್ಣ ನಂಬರು ಹಾಕಿದವರಿಗಿಂತ ಹೆಚ್ಚೇ ಏರಿತು. ಕನ್ನಡಕವನ್ನು ಪೆಟ್ಟಿಗೆಯಲ್ಲಿಟ್ಟು ಕಣ್ಣನ್ನು ಉಳಿಸುತ್ತೇವೆಂಬ ಭ್ರಮೆಯನ್ನು ಬಿಡಬೇಕು.

ಹಾಗಾದರೆ ಅಜ್ಜನಿಗಿಲ್ಲದ್ದು ಮೊಮ್ಮಗನಿಗೆ ಏಕೆ ಬಂತು? ವಂಶದ ಪಾತ್ರ ಇಲ್ಲದಿಲ್ಲ. ತಂದೆ ತಾಯಿ ಇಬ್ಬರಿಗೂ ದೋಷವಿದ್ದರೆ ಮಗುವಿಗೆ ಬರುವ ಸಂಭವ ಹೆಚ್ಚು. ಆದರೆ ರಕ್ತ ಒಂದೇ ತಲೆಮಾರಿನಲ್ಲಿ ಬದಲಾಗುವುದಿಲ್ಲ, ಬದುಕು ಬದಲಾಗುತ್ತದೆ. ಉತ್ತರ ಧ್ರುವದ ಬಳಿಯ ಅಲಾಸ್ಕಾದ ಬ್ಯಾರೋ ಎಂಬ ಊರಿನ ಎಸ್ಕಿಮೋ ಕುಟುಂಬಗಳನ್ನು ಪರೀಕ್ಷಿಸಿ ೧೯೬೯ರಲ್ಲಿ ವರದಿ ಬರೆದರು. ಬೇಟೆಯಾಡಿ ಬಯಲಿನಲ್ಲಿ ಬದುಕಿದ ಹಿರಿಯರಲ್ಲಿ ಈ ದೋಷ ಇಲ್ಲವೆನ್ನುವಷ್ಟು ಕಡಿಮೆ. ಶಾಲೆಗೆ ಹೋದ ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ದೋಷ! ಅಂದು ಆ ಹಿಮದ ನಾಡಿನಲ್ಲಿ ಆದದ್ದು ಇಂದು ಲೋಕಕ್ಕೆಲ್ಲ ಆಗುತ್ತಿದೆ. ೨೦೦೦ದಲ್ಲಿ ಲೋಕದ ಜನರಲ್ಲಿ ನೂರಕ್ಕೆ ಸುಮಾರು ೨೩ ಮಂದಿಗೆ ಇದ್ದ ಈ ದೋಷ ೨೦೫೦ರ ಹೊತ್ತಿಗೆ ಅರ್ಧದಷ್ಟು ಜನರಿಗೆ ತಗಲುತ್ತದೆಂದು ೨೦೧೬ರಲ್ಲಿ ತಜ್ಞರು ಅಂದಾಜು ಮಾಡಿದರು. ನಮ್ಮ ದೇಶದಲ್ಲಿ ದಿಲ್ಲಿಯ ಶಾಲೆಗಳ ಸುಮಾರು ಹತ್ತು ಸಾವಿರ ಮಕ್ಕಳ ಪರೀಕ್ಷೆಯ ಫಲ ೨೦೧೫ರಲ್ಲಿ ಬಂತು: ನೂರಕ್ಕೆ ೧೩ ಮಕ್ಕಳಿಗೆ ದೋಷ.

ಬದುಕಿನಲ್ಲಿ ಬದಲಾದುದು ಯಾವುದು? ಉತ್ತರವನ್ನು ತೋರಿಸಿಕೊಟ್ಟದ್ದು ಎರಡು ಊರುಗಳ ಹೋಲಿಕೆ. ಸಿಂಗಪುರದಲ್ಲಿರುವ ಚೀನಿ ಮೂಲದ ಆರೇಳು ವರ್ಷದ ಮಕ್ಕಳನ್ನೂ ಆಸ್ಟ್ರೇಲಿಯಾದ ಸಿಡ್ನಿಯಲ್ಲಿರುವ ಅದೇ ಮೂಲದ, ಅದೇ ವಯಸ್ಸಿನ ಮಕ್ಕಳನ್ನೂ ಪರೀಕ್ಷಿಸಿದರು. ಫಲ ೨೦೦೮ರಲ್ಲಿ ಪ್ರಕಟವಾಯಿತು. ಸಿಂಗಪುರದಲ್ಲಿ ನೂರಕ್ಕೆ ೨೯ ಮಕ್ಕಳಿಗೆ ದೋಷ, ಸಿಡ್ನಿಯಲ್ಲಿ ಬರೀ ೩. ರಕ್ತ ಒಂದೇ, ಓದಿನಲ್ಲಿ ಸಿಡ್ನಿಯ ಮಕ್ಕಳು ಹಿಂದೆ ಬಿದ್ದವರೂ ಅಲ್ಲ. ಎದ್ದು ಕಂಡ ವ್ಯತ್ಯಾಸ ಒಂದೇ: ಸಿಂಗಪುರದ ಮಕ್ಕಳು ವಾರಕ್ಕೆ ಸುಮಾರು ೩ ಗಂಟೆ ಮನೆಯ ಹೊರಗಿದ್ದರೆ, ಸಿಡ್ನಿಯವರು ಸುಮಾರು ೧೪ ಗಂಟೆ ಇದ್ದರು. ದಿಲ್ಲಿಯ ಪರೀಕ್ಷೆಯಲ್ಲಿಯೂ ವಾರಕ್ಕೆ ೧೪ ಗಂಟೆಗಿಂತ ಹೆಚ್ಚು ಹೊರಗೆ ಆಡುವ ಮಕ್ಕಳಲ್ಲಿ ದೋಷ ಕಡಿಮೆ ಎಂದೇ ಕಂಡುಬಂತು. ದಿನಕ್ಕೆ ಎರಡು ಗಂಟೆ ಎಂದಾಯಿತು.

ಹೊರಗಿರುವುದರಲ್ಲಿ ಅಂಥದ್ದೇನಿದೆ? ಬೆಳಕು. ಬೆಳಕನ್ನು ಲಕ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ನಾವು ಚೆನ್ನಾಗಿ ಬೆಳಕಿದೆ ಎಂದುಕೊಳ್ಳುವ ತರಗತಿಯಲ್ಲಿ ಸಿಗುವುದು ಮುನ್ನೂರು, ಐನೂರು ಲಕ್ಸ್. ಬಟ್ಟಬಯಲಿನ ಬಿಸಿಲಿನಲ್ಲಿ ಒಂದು ಲಕ್ಷ! ಮೋಡ ಕವಿದ ದಿನದಲ್ಲಿಯೂ ಹೊರಗೆ ಸಾವಿರಗಟ್ಟಲೆ ಲಕ್ಸ್ ಇರುತ್ತದೆ. ಕಣ್ಣು ಇದಕ್ಕೂ ಅದಕ್ಕೂ ಹೊಂದಿಕೊಂಡುಬಿಡುವುದರಿಂದ ಈ ಅಜಗಜಾಂತರ ನಮಗೆ ತೋರುವುದಿಲ್ಲ. ಹಗಲಿನ ಬೆಳಕು ಬಿದ್ದಾಗ ಕಣ್ಣಿನ ಪರದೆಯಲ್ಲಿ ಡೋಪಮೈನ್ ಎಂಬ ದ್ರವ್ಯ ಹೆಚ್ಚು ಸ್ರವಿಸುತ್ತದೆ, ಅದು ಕಣ್ಣು ಅಳತೆ ಮೀರಿ ಉದ್ದವಾಗದಂತೆ ಹಿಡಿದಿಡುತ್ತದೆ ಎಂಬುದು ವಿಜ್ಞಾನಿಗಳ ಅಭಿಪ್ರಾಯ. ಇದಕ್ಕೆ ಸೇರಿ ಪುಸ್ತಕವೋ ಮೊಬೈಲೋ ಮೂಗಿಗೆ ತಾಗುವಂತೆ ಹಿಡಿದು ಗಂಟೆಗಟ್ಟಲೆ ದಿಟ್ಟಿಸುವುದೂ ಕೇಡೇ. ಕೊರೋನಾ ಕಾಲದಲ್ಲಿ ಇದರ ಪ್ರತ್ಯಕ್ಷ ಪ್ರಮಾಣ ಸಿಕ್ಕಿತು. ೨೦೨೦ರಲ್ಲಿ ಮಕ್ಕಳನ್ನು ಮನೆಯಲ್ಲಿ ಕೂಡಿಹಾಕಿದ ಮೇಲೆ ಚೀನಾದ ಫೆಯ್‌ಚೆಂಗ್ ಎಂಬಲ್ಲಿ ಪರೀಕ್ಷಿಸಿದಾಗ, ಹಿಂದಿನ ವರ್ಷಗಳಲ್ಲಿ ಎಂದೂ ನೂರಕ್ಕೆ ೬ನ್ನು ಮುಟ್ಟದಿದ್ದ ಆರು ವರ್ಷದ ಮಕ್ಕಳ ದೋಷ ೨೧ನ್ನು ದಾಟಿತ್ತು.

ಇಲ್ಲಿ ನಮ್ಮ ಓದುಗರು ಒಂದು ಪ್ರಶ್ನೆ ಕೇಳುವುದು ಸಹಜ. "ಬಡವನ ಮಗನಿಗೆ ಇರುವ ಏಣಿ ಓದೊಂದೇ. ಅದನ್ನೂ ಬಿಟ್ಟು ಆಡು ಎನ್ನುತ್ತೀರಾ?" ಪ್ರಶ್ನೆ ತೂಕದ್ದು. ಓದಿಗೂ ದೋಷಕ್ಕೂ ನಂಟಿದೆ ಎಂಬುದನ್ನು ಮುಚ್ಚಿಡುವಂತಿಲ್ಲ. ಹೆಚ್ಚು ವರ್ಷ ಓದಿದಷ್ಟೂ ನಂಬರು ಏರುತ್ತದೆ, ಒಂದೊಂದು ವರ್ಷದ ಓದಿಗೆ ಸುಮಾರು ಕಾಲು ನಂಬರು ಎಂದು ಬ್ರಿಟನ್ನಿನ ಜನರನ್ನು ಪರೀಕ್ಷಿಸಿ ೨೦೧೮ರಲ್ಲಿ ಲೆಕ್ಕ ಹಾಕಿದ್ದಾರೆ. ಆದರೆ ಓದು ಬಿಡಿ ಎಂದು ಹೇಳುವವರು ಕಾರ್ಮಿಕನ ಹಿತಚಿಂತಕರಲ್ಲ. ನಾವು ಹೇಳುವುದು ಅದನ್ನಲ್ಲ. ಓದಿನ ಗಂಟೆಯನ್ನು ಕಡಿಯಬೇಕಾಗಿಲ್ಲ, ಕದ್ದ ಆಟದ ಗಂಟೆಯನ್ನು ಹಿಂದಿರುಗಿಸಬೇಕು. ಚೀನಾದ ಗುವಾಂಗ್‌ಝೌ ನಗರದ ೧೨ ಶಾಲೆಗಳಲ್ಲಿ ಇದನ್ನು ಮಾಡಿ ತೋರಿಸಿದರು. ಆರು ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ದಿನಕ್ಕೆ ೪೦ ನಿಮಿಷದ ಹೊರಾಂಗಣ ತರಗತಿಯೊಂದನ್ನು ಹೆಚ್ಚಾಗಿ ಕೊಟ್ಟರು, ಉಳಿದ ಆರರಲ್ಲಿ ಕೊಡಲಿಲ್ಲ. ಮೂರು ವರ್ಷದ ಮೇಲೆ, ಕೊಡದ ಶಾಲೆಗಳಲ್ಲಿ ನೂರಕ್ಕೆ ೩೯ ಮಕ್ಕಳಿಗೆ ಹೊಸದಾಗಿ ದೋಷ ಬಂದಿದ್ದರೆ ಕೊಟ್ಟ ಶಾಲೆಗಳಲ್ಲಿ ೩೦ ಮಕ್ಕಳಿಗೆ ಬಂದಿತ್ತು. ನೂರಕ್ಕೆ ಒಂಬತ್ತು ಮಕ್ಕಳು ಪಾರಾದರು. ಖರ್ಚಾದುದು ನಲವತ್ತು ನಿಮಿಷ! ತೈವಾನ್ ಸರಕಾರ ೨೦೧೦ರಿಂದ ಶಾಲಾಮಕ್ಕಳು ದಿನಕ್ಕೆ ೧೨೦ ನಿಮಿಷ ಹೊರಗಿರಬೇಕೆಂಬ ಕಾರ್ಯಕ್ರಮವನ್ನೇ ಕೈಗೊಂಡಿತು.

ಒಂದು ಮಾತನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಬಯಲಿನ ಬೆಳಕು ಮುಖ್ಯವಾಗಿ ಕಾಯುವುದು ದೋಷ ಬಾರದ ಮಕ್ಕಳನ್ನು. ಬಂದ ಮೇಲೆ ಅದರ ಗುಣ ಕಡಿಮೆ. ಆದರೆ ಎಂಟರಲ್ಲಿ ಬರುವ ದೋಷ ಹನ್ನೆರಡರಲ್ಲಿ ಬಂದರೆ ಏರಲು ಉಳಿಯುವ ವರ್ಷಗಳೇ ಕಡಿಮೆ, ಕೊನೆಯ ನಂಬರೂ ಕಡಿಮೆ. ಕೊನೆಯ ನಂಬರು ಏಕೆ ಮುಖ್ಯವೆಂದರೆ, ಅಪಾಯವಿರುವುದೇ ಅಲ್ಲಿ. ಮೈನಸ್ ಆರು ದಾಟಿದ ಕಣ್ಣು ಬಹಳ ಹಿಗ್ಗಿದ ಕಣ್ಣು. ಊದಿದ ಬುಗ್ಗೆಯಂತೆ ಅದರ ಹಿಂಬದಿಯ ಪರದೆ ತೆಳುವಾಗುತ್ತದೆ. ನಡುವಯಸ್ಸಿನಲ್ಲಿ ಪರದೆ ಹರಿದು ಕಳಚಬಹುದು, ನಟ್ಟನಡುವಿನ ನೋಟವೇ ಸವೆದುಹೋಗಬಹುದು. ಆ ನಷ್ಟವನ್ನು ಯಾವ ಕನ್ನಡಕವೂ ತುಂಬಿಕೊಡಲಾರದು. ಒಂದೇ ಒಂದು ನಂಬರು ಏರದಂತೆ ತಡೆದರೂ ಹೀಗೆ ನೋಟ ಸವೆಯುವ ಅಪಾಯ ನೂರಕ್ಕೆ ೪೦ರಷ್ಟು ತಗ್ಗುತ್ತದೆಂದು ೨೦೧೯ರಲ್ಲಿ ತಜ್ಞರು ಲೆಕ್ಕ ಕೊಟ್ಟಿದ್ದಾರೆ. ನಲವತ್ತೈದರಲ್ಲಿ ಕಣ್ಣು ಕಳೆದುಕೊಂಡ ಸಿರಿವಂತನಿಗೆ ಕೂತು ಉಣ್ಣಲು ಆಸ್ತಿ ಇರಬಹುದು. ಗಿರಣಿಯ ಯಂತ್ರದ ಮುಂದೆ ನಿಲ್ಲುವವನಿಗೆ, ಮರದ ಮಿಲ್ಲಿನ ಗರಗಸಕ್ಕೆ ದಿಮ್ಮಿ ಒಡ್ಡುವವನಿಗೆ, ತಕ್ಕಡಿ ಹಿಡಿಯುವವನಿಗೆ ಕಣ್ಣೇ ಆಸ್ತಿ.

ಈಗ ನಮ್ಮ ನಾಡಿನ ಕಡೆಗೆ ತಿರುಗೋಣ. ಇಷ್ಟು ಹಸಿರಿರುವ, ಇಷ್ಟು ಬಯಲಿರುವ ಕೊಡಗಿನಲ್ಲಿ ಮಕ್ಕಳಿಗೆ ಬೆಳಕಿನ ಬರವೆಂದರೆ ಹೊರಗಿನವರು ನಗಬಹುದು. ನಗುವ ಮಾತಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ. ಕಾವೇರಿ ಉಕ್ಕಿ ಭಾಗಮಂಡಲ ನಾಪೋಕ್ಲು ರಸ್ತೆಯ ಮೇಲೆ ನೀರು ಹರಿಯುವ ದಿನಗಳಲ್ಲಿ ಮಳೆ ರಜೆ ಕೊಡುತ್ತಾರೆ. ಮಕ್ಕಳು ಬಾಗಿಲು ಹಾಕಿದ ಕೋಣೆಯಲ್ಲಿ ಮೊಬೈಲು ಹಿಡಿದು ಕೂರುತ್ತಾರೆ. ರಜೆಯಲ್ಲಿ ತಪ್ಪಿದ ಪಾಠವನ್ನು ತುಂಬಲು ಬಿಸಿಲು ಬಂದಾಗ ಆಟದ ಅವಧಿಗೆ ಕತ್ತರಿ ಬೀಳುತ್ತದೆ. ಮಳೆ ನಿಂತ ಮೇಲಾದರೂ ಹೊರಗೆ ಬಿಡೋಣವೆಂದರೆ ತೋಟದಲ್ಲಿ ಆನೆ. ಸಂಜೆ ನಾಲ್ಕಾಯಿತೆಂದರೆ ಮಕ್ಕಳನ್ನು ತೋಟದ ದಾರಿಗೆ ಬಿಡಲು ಯಾವ ತಾಯಿಗೆ ಧೈರ್ಯ ಬರುತ್ತದೆ? ನಡೆದು ಹೋಗುತ್ತಿದ್ದ ಮಕ್ಕಳು ಈಗ ಜೀಪಿನಲ್ಲಿ, ವ್ಯಾನಿನಲ್ಲಿ ಹೋಗುತ್ತಾರೆ. ಲೈನ್‌ಮನೆಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದರೆ ಮಗು ಒಳಗೆ, ಬಾಗಿಲು ಹೊರಗಿನಿಂದ ಭದ್ರ. ಪೇಟೆಯ ಅಂಗಡಿಯವರ ಮಗುವಿಗೆ ಟ್ಯೂಷನ್ನು, ಅದು ಮುಗಿದರೆ ಗಲ್ಲದ ಹಿಂದೆ ಮೊಬೈಲು. ಇದರಲ್ಲಿ ತಾಯಿತಂದೆಯರನ್ನು ದೂರುವುದು ಸುಲಭ. ಆದರೆ ಆನೆಯನ್ನೂ ಮಳೆಯನ್ನೂ ಕೆಲಸದ ಹೊತ್ತನ್ನೂ ಅವರು ನಿರ್ಮಿಸಿದವರಲ್ಲ. ಆದುದರಿಂದಲೇ ನಾವು ಒತ್ತಿ ಹೇಳುತ್ತೇವೆ: ನಮ್ಮ ಮಕ್ಕಳು ಭಯವಿಲ್ಲದೆ ಆಕಾಶದಡಿಯಲ್ಲಿ ನಿಲ್ಲಬಹುದಾದ ಜಾಗ ಶಾಲೆಯ ಮೈದಾನವೊಂದೇ. ಆ ಬೆಳಕಿನ ಹೊತ್ತನ್ನು ಶಾಲೆಯೇ ಕೊಡಬೇಕು.

ನಾಪೋಕ್ಲಿನ ಜನರಿಗೆ ಮೈದಾನದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕರಡ ಗ್ರಾಮದಲ್ಲಿ ೧೯೯೭ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವ ೨೦೧೮ರಲ್ಲಿಯೂ ೨೦೨೩ರಲ್ಲಿಯೂ ೨೦೨೪ರಲ್ಲಿಯೂ ಇಲ್ಲಿಯೇ ನಡೆಯಿತು. ೨೦೨೪ರಲ್ಲಿ ೩೬೦ ಕುಟುಂಬಗಳ ತಂಡಗಳು ಚೆರಿಯಪರಂಬಿನ ಮೈದಾನದಲ್ಲಿ ಆಡಿದುದನ್ನು ಲೋಕವೇ ದಾಖಲೆಯೆಂದು ಬರೆದುಕೊಂಡಿತು. ಅದು ಹೆಮ್ಮೆಯ ವಿಷಯ. ಅಜ್ಜಂದಿರೂ ಮೊಮ್ಮಕ್ಕಳೂ ಒಂದೇ ತಂಡದಲ್ಲಿ ಕೋಲು ಹಿಡಿದು ಓಡುವುದನ್ನು ಕಂಡವರಿಗೆ ಬಯಲಿನ ಗುಣವೇನೆಂದು ಗೊತ್ತು. ಆದರೆ ಕಣ್ಣು ವರ್ಷಕ್ಕೊಂದು ತಿಂಗಳ ಉತ್ಸವದಿಂದ ಉಳಿಯುವುದಿಲ್ಲ. ಅದಕ್ಕೆ ಬೇಕಾದುದು ದಿನದಿನದ ಬೆಳಕು. ದೊಡ್ಡ ಪಂದ್ಯಕ್ಕೆ ಸಾವಿರಾರು ಜನರನ್ನು ಕೂಡಿಸಬಲ್ಲ ಊರು, ಬಡವರ ಮಕ್ಕಳಿಗೂ ತೋಟ ಕಾರ್ಮಿಕರ ಮಕ್ಕಳಿಗೂ ಸಂಜೆಯ ಒಂದು ಗಂಟೆ ಮೈದಾನದ ಬಾಗಿಲು ತೆರೆದಿಡಲಾರದೆ?

ಮಳೆಗೆ ಏನು ಮಾಡುವುದೆಂದು ಕೇಳಬಹುದು. ಅದಕ್ಕೂ ಉತ್ತರವಿದೆ. ಸುಡು ಬಿಸಿಲೇ ಬೇಕೆಂದಿಲ್ಲ. ೨೦೧೮ರಲ್ಲಿ ತೈವಾನಿನಿಂದ ಬಂದ ವರದಿಯ ಪ್ರಕಾರ ಸಾವಿರ ಲಕ್ಸಿನ ಮೇಲ್ಪಟ್ಟ ಬೆಳಕಾದರೂ, ಅಂದರೆ ಮರದ ನೆರಳು, ತೆರೆದ ಹಜಾರಗಳ ಬೆಳಕಾದರೂ, ಹೆಚ್ಚು ಹೊತ್ತು ಸಿಕ್ಕರೆ ಗುಣವುಂಟು. ಹನಿ ನಿಂತ ಅರ್ಧ ಗಂಟೆಯಲ್ಲಿ ಮಕ್ಕಳನ್ನು ಅಂಗಳಕ್ಕೆ ಬಿಡಬಹುದು. ಮಳೆ ಜೋರಿದ್ದರೆ ಮೂರು ಕಡೆ ತೆರೆದಿರುವ ಶಾಲೆಯ ಜಗಲಿಯಲ್ಲಿ ಮಗ್ಗಿ ಹೇಳಿಸಬಹುದು, ಕತೆ ಹೇಳಬಹುದು. ಕೋಣೆಗಿಂತ ಅದು ಎಷ್ಟೋ ಮೇಲು.

ಈಗಾಗಲೇ ದೋಷ ಬಂದು ಭರದಿಂದ ಏರುತ್ತಿರುವ ಮಕ್ಕಳಿಗೆ ವೈದ್ಯಶಾಸ್ತ್ರ ಕೈಕಟ್ಟಿ ಕುಳಿತಿಲ್ಲ. ಅಟ್ರೋಪಿನ್ ಎಂಬ ಔಷಧವನ್ನು ಬಹಳ ತೆಳು ಮಾಡಿ ರಾತ್ರಿ ಒಂದೊಂದು ಹನಿ ಕಣ್ಣಿಗೆ ಹಾಕುವ ಚಿಕಿತ್ಸೆಯನ್ನು ಸಿಂಗಪುರ, ಹಾಂಗ್‌ಕಾಂಗ್‌ಗಳಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ, ನಮ್ಮ ದೇಶದಲ್ಲಿಯೂ ಪರೀಕ್ಷಿಸಿದ್ದಾರೆ. ಎಲ್ಲ ಮಕ್ಕಳಿಗೂ ಒಂದೇ ಸಮನೆ ಫಲ ಕೊಡದಿದ್ದರೂ ಹಲವರಲ್ಲಿ ಏರಿಕೆ ನಿಧಾನವಾಗುತ್ತದೆ. ಇದನ್ನು ಕಣ್ಣಿನ ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಂಡು ಹಾಕತಕ್ಕದ್ದಲ್ಲ. ಇನ್ನೊಂದು, ವಿಶೇಷ ಬಗೆಯ ಕನ್ನಡಕದ ಗಾಜು. ನಡುವೆ ಸಾಮಾನ್ಯ ನಂಬರಿದ್ದು ಸುತ್ತಲೂ ನೂರಾರು ಸಣ್ಣ ಮಸೂರಗಳಿರುವ ಇಂಥ ಗಾಜು ಹಾಕಿದ ಮಕ್ಕಳಲ್ಲಿ ಎರಡು ವರ್ಷದ ಏರಿಕೆ ಅರ್ಧಕ್ಕರ್ಧ ತಗ್ಗಿತೆಂದು ಹಾಂಗ್‌ಕಾಂಗಿನ ಪರೀಕ್ಷೆಯೊಂದು ತೋರಿಸಿತು. ಆದರೆ ಅದರ ಬೆಲೆ ಸಾವಿರಗಟ್ಟಲೆ, ನಂಬರು ಏರಿದಾಗ ಮತ್ತೆ ಹೊಸದು. ಗಿರಣಿಯ ಕೂಲಿಯಲ್ಲಿ ಅದನ್ನು ಎಟುಕಿಸಿಕೊಳ್ಳುವವರಾರು? ಹಣವಿದ್ದವರ ಮಗುವಿನ ನಂಬರು ಮೂರರಲ್ಲಿ ನಿಂತು, ಇಲ್ಲದವರ ಮಗುವಿನದು ಏಳಕ್ಕೆ ಹೋಗುವ ಕಾಲ ಬಂದಿದೆ. ಹೊಟ್ಟೆಯಲ್ಲಿದ್ದ ಅಸಮತೆ ಕಣ್ಣಿಗೂ ಏರಬೇಕೆ?

ಸರಕಾರ ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. ೧೯೭೬ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಶಾಲಾಮಕ್ಕಳ ಕಣ್ಣು ಪರೀಕ್ಷೆಗೂ ಬಡ ಮಕ್ಕಳಿಗೆ ಉಚಿತ ಕನ್ನಡಕಕ್ಕೂ ಅವಕಾಶವುಂಟು. ೨೦೧೩ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ಬರಬೇಕೆಂದಿದೆ. ಶಿಕ್ಷಣ ಹಕ್ಕಿನ ೨೦೦೯ರ ಕಾಯಿದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆಂದು ವಿಧಿಸಿದೆ. ಕಾಗದದಲ್ಲಿ ಇವೆಲ್ಲ ಇವೆ. ಆದರೆ ಆರು ತಿಂಗಳಲ್ಲಿ ಬದಲಾಗುವ ಕಣ್ಣಿಗೆ ವರ್ಷಕ್ಕೊಂದು ಪರೀಕ್ಷೆ ಸಾಲದು. ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಸಣ್ಣ ವ್ಯಾಪಾರಿಗಳು ಸಾಲ ಮಾಡಿ ಕಳುಹಿಸುವ ಮಕ್ಕಳನ್ನು ಕೇಳುವವರಿಲ್ಲ. ನಮ್ಮ ಕನ್ನಡ ನಾಡಿಗೆ ಇದು ಅಸಾಧ್ಯವೂ ಅಲ್ಲ. ಬೀಳಗಿಯಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹೂಡಿ, ಆಸ್ಪತ್ರೆಯ ಮುಖ ಕಾಣದ ಲಕ್ಷಾಂತರ ಬಡವರ ಕಣ್ಣಿನ ಪೊರೆ ತೆಗೆದವರು. ರೋಗಿ ವೈದ್ಯನನ್ನು ಹುಡುಕಿಕೊಂಡು ಬರಲಿ ಎನ್ನದೆ ವೈದ್ಯನೇ ರೋಗಿಯ ಬಳಿಗೆ ಹೋಗಬೇಕೆಂಬ ಅವರ ಮಾರ್ಗ ಮುದುಕರ ಪೊರೆಗೆ ಸಂದಂತೆ ಮಕ್ಕಳ ಕನ್ನಡಕಕ್ಕೂ ಸಲ್ಲಬೇಕು.

ಆದುದರಿಂದ ನಮ್ಮ ಬೇಡಿಕೆ ಇಷ್ಟು. ಒಂದು, ಪ್ರತಿ ಶಾಲೆಯೂ ದಿನಕ್ಕೆ ಒಂದು ಗಂಟೆಯಾದರೂ ಮಕ್ಕಳನ್ನು ಹೊರಗಿನ ಬೆಳಕಿನಲ್ಲಿ ಇರಿಸಬೇಕು. ಗಣಿತಕ್ಕಾಗಲಿ ಪರೀಕ್ಷೆಗಾಗಲಿ ಆ ಅವಧಿಯನ್ನು ಸಾಲ ಕೊಡಕೂಡದು. ಎರಡು, ಸರಕಾರಿ ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ಶಾಲೆಗಳಲ್ಲಿ ವರ್ಷಕ್ಕೆ ಎರಡು ಸಲ ಕಣ್ಣು ಪರೀಕ್ಷೆಯಾಗಬೇಕು. ಪರೀಕ್ಷೆಯಾದ ತಿಂಗಳೊಳಗೆ ಪೂರ್ಣ ನಂಬರಿನ ಕನ್ನಡಕ ಮಗುವಿನ ಕೈ ಸೇರಬೇಕು, ಮುರಿದರೆ ಅಥವಾ ನಂಬರು ಬದಲಾದರೆ ಮತ್ತೆ ಸಿಗಬೇಕು. ಮೂರು, ಭರದಿಂದ ಏರುತ್ತಿರುವ ಬಡ ಮಕ್ಕಳಿಗೆ ಹನಿ ಔಷಧವೂ ವಿಶೇಷ ಗಾಜೂ ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಿಂದ ದೊರೆಯಬೇಕು. ನಾಲ್ಕು, ಊರ ಮೈದಾನಗಳು ಸಂಜೆ ಮಕ್ಕಳಿಗೆ ತೆರೆದಿರಬೇಕು.

ಬೇಡಿಕೆ ಈಡೇರುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಮಗುವಿನ ಒಂದು ಕಣ್ಣು ಮುಚ್ಚಿ, ಎದುರು ಬದಿಯ ಅಂಗಡಿಯ ಹಲಗೆಯನ್ನು ಓದಿಸಿ. ಆಮೇಲೆ ಇನ್ನೊಂದು ಕಣ್ಣು. ನಿಮಗೆ ಕಾಣುವ ಅಕ್ಷರ ಅದಕ್ಕೆ ಕಾಣದಿದ್ದರೆ ತಡಮಾಡಬೇಡಿ. ತನಗೆ ಕಾಣುವುದಿಲ್ಲ ಎಂದು ಮಗು ತಾನಾಗಿ ಹೇಳುವುದಿಲ್ಲ, ಏಕೆಂದರೆ ಲೋಕ ಎಲ್ಲರಿಗೂ ಹಾಗೆಯೇ ಕಾಣುತ್ತದೆಂದು ಅದು ತಿಳಿದಿರುತ್ತದೆ. ಪುಸ್ತಕವನ್ನು ಮೊಳಕೈಯಷ್ಟು ದೂರ ಹಿಡಿಯುವುದನ್ನು ಕಲಿಸಿ. ಅರ್ಧ ಗಂಟೆ ಓದಿದರೆ ಎದ್ದು ಹೊರಗೆ ಬಂದು ದೂರ ನೋಡಲಿ. ಅಂಗಡಿಯ ಬಂಧುಗಳೆ, ಮಗುವನ್ನು ಗಲ್ಲದ ಹಿಂದೆ ಕೂರಿಸುವ ಬದಲು ಜಗಲಿಯ ಬೆಳಕಿಗೆ ತನ್ನಿ. ಗಿರಣಿಯ ಗೆಳೆಯರೆ, ರಜೆಯ ದಿನ ಮಗನನ್ನು ಜೊತೆಗೆ ಸಂತೆಗೆ ಕರೆದುಕೊಂಡು ಹೋಗಿ. ಚೀಲ ಹೊತ್ತು ನಡೆದರೂ ಅವನ ಕಣ್ಣಿಗೆ ಅದು ಔಷಧವೇ.

ಜವಳಿ ಅಂಗಡಿಯ ಜಗಲಿಯಲ್ಲಿ ಕಂಡ ಆ ತಂದೆಗೆ ನಮ್ಮ ಮಾತು ಇದು. ನಿಮ್ಮ ಅಪ್ಪ ಎಪ್ಪತ್ತರವರೆಗೆ ದೂರ ನೋಡಿದ್ದು ಕನ್ನಡಕ ಹಾಕದೆ ಇದ್ದುದರಿಂದಲ್ಲ, ಹುಡುಗನಾಗಿದ್ದಾಗಿನಿಂದ ಗದ್ದೆಯ ಬೆಳಕಿನಲ್ಲಿ ಇದ್ದುದರಿಂದ. ಆ ಬೆಳಕನ್ನು ನಿಮ್ಮ ಮಗನಿಗೆ ತಪ್ಪಿಸಿದವರು ನೀವಲ್ಲ, ಕನ್ನಡಕದವರೂ ಅಲ್ಲ. ಅದನ್ನು ಮರಳಿ ಪಡೆಯಲು ನಾವೆಲ್ಲ ಸೇರಿ ಕೇಳೋಣ. ಆದರೆ ಅದಕ್ಕೆ ಮುಂಚೆ, ದಯಮಾಡಿ, ಈ ವಾರವೇ ಆ ಮೂರನೆಯ ಕನ್ನಡಕವನ್ನು ಮಾಡಿಸಿಕೊಡಿ. ಹುಡುಗ ನಾಳೆಯೂ ಕರಿಹಲಗೆಯ ಮುಂದೆ ಕೂರಬೇಕಾಗಿದೆ.